ಕಲಿಸುವವರಿಂದ ಕಲಿಯುವ ಬಗೆ

ಮಕ್ಕಳಿಗೆ ಒಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿದೊಡನೆ ತಮ್ಮ ಕರ್ತವ್ಯವು ತೀರಿತೆಂದು ತಾಯ್ತಂದೆಗಳು ಎಣಿಸುವುದುಂಟು. ಶಿಕ್ಷಕರೆದುರು ಕುಳಿತರೆ ವಿದ್ಯೆಯು ತಾನಾಗಿ ಬರುವುದೆಂದು ಮಕ್ಕಳೂ ನಂಬುವರು. ಬಿತ್ತುವವನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಬೀಜವು ಒಂದೇ, ಫಲವು ನೆಲಕ್ಕೆ ತಕ್ಕಂತೆ. ಆದಕಾರಣ ನೆಲವನ್ನು ಹದಮಾಡುವ ಬಗೆಯನ್ನು ಇಲ್ಲಿ ವಿಚಾರಿಸುವೆವು.

ಇದಕ್ಕೆ ನಮ್ಮ ಮಲ್ಲೇಶ್ವರದಲ್ಲಿಯೇ ಒಂದು ನಿದರ್ಶನವುಂಟು. ಅಲ್ಲಿಯ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ ಪ್ರಕಾಶ ಪಡುಕೋಣೆಯವರು ಬಾಲ್ಯದಲ್ಲಿ ಬ್ಯಾಡ್ಮಿಂಟನ್ ಕಲಿತರು. ಮದುವೆಯಿಲ್ಲದ ದಿನಗಳಲ್ಲಿ ಮಾತ್ರ ಅಲ್ಲಿ ಆಟ. ತಂದೆ ರಮೇಶ ಪಡುಕೋಣೆಯವರೇ ಮೊದಲ ಗುರು. 1962ರಲ್ಲಿ ರಾಜ್ಯದ ಕಿರಿಯರ ಪಂದ್ಯದ ಮೊದಲ ಸುತ್ತಿನಲ್ಲಿಯೇ ಪ್ರಕಾಶರು ಸೋತರು. 1964ರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದರು. 1971ರಲ್ಲಿ ತಮ್ಮ ಆಟದ ರೀತಿಯನ್ನೇ ಬದಲಿಸಿ ಹೆಚ್ಚು ಬಿರುಸಾಗಿ ಆಡತೊಡಗಿ, ಬಳಿಕ ರಾಷ್ಟ್ರದ ಕಿರಿಯರ ಮತ್ತು ಹಿರಿಯರ ಪ್ರಶಸ್ತಿಗಳೆರಡನ್ನೂ ಪಡೆದರು. 1980ರಲ್ಲಿ ಲಂಡನ್ನಿನ ಆಲ್ ಇಂಗ್ಲೆಂಡ್ ಪಂದ್ಯವನ್ನು ಗೆದ್ದ ಮೊದಲ ಭಾರತೀಯರಾದರು. ಅವರಿಗೆ ಅನುಕೂಲತೆಗಳು ಹೆಚ್ಚಾಗಿರಲಿಲ್ಲ. ಸೋತ ಮೇಲೆಯೂ ಬಿಡದ ಅಭ್ಯಾಸವಿತ್ತು, ರೂಢಿಯಾದುದನ್ನು ಬದಲಿಸುವ ಧೈರ್ಯವಿತ್ತು.

ಹೆಣ್ಣುಮಕ್ಕಳಲ್ಲಿ ಸೈನಾ ನೆಹ್ವಾಲರನ್ನು ನೋಡಿರಿ. 2012ರ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಪಡೆದ ಮೇಲೆಯೂ ಅವರು ತಾವು ಕಲಿತಾಯಿತೆನ್ನಲಿಲ್ಲ. 2014ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರರ ಬಳಿ ಅಭ್ಯಾಸಮಾಡಿ, 2015ರಲ್ಲಿ ಲೋಕದ ಮೊದಲನೆಯ ಸ್ಥಾನಕ್ಕೇರಿದರು.

ಗಣಿತಕ್ಕೂ ಸಂಗೀತಕ್ಕೂ ಈ ನಿಯಮವೇ ಸಲ್ಲುವುದು. “ತಿಳಿಯಿತೇ?” ಎಂದು ಕೇಳಿದಾಗ ತಿಳಿಯದಿದ್ದರೂ ಲಜ್ಜೆಯಿಂದ ತಲೆದೂಗುವ ಬಾಲಕಿಯು ಶಿಕ್ಷಕರನ್ನಲ್ಲ, ತನ್ನನ್ನೇ ವಂಚಿಸಿಕೊಳ್ಳುವಳು. ಪಾಠಕ್ಕೆ ಹೋಗುವ ಮುನ್ನ, ತನಗೆ ತೊಡಕಾದುದು ಎಲ್ಲಿ ಎಂಬುದನ್ನು ಆಕೆಯು ಒಂದು ಸಾಲಿನಲ್ಲಿ ಬರೆದುಕೊಳ್ಳಲಿ. ಪಾಠವಾದ ದಿನವೇ ಪುಸ್ತಕವನ್ನು ಮುಚ್ಚಿ, ಕಲಿತುದನ್ನು ತಾನೇ ಮಾಡಿನೋಡಲಿ. ತಿದ್ದಿದ ತಪ್ಪು ಮರಳಿ ಬಂದರೆ ಕಾರಣವನ್ನು ಕೇಳಲಿ. ಹೊಸ ರೀತಿಯು ಮೊದಲು ಕೈಗೆ ಒಗ್ಗದು. ನಾಲ್ಕು ದಿನಕ್ಕೆ ಬೇಸತ್ತು ಹಳೆಯದಕ್ಕೆ ತಿರುಗಬಾರದು.

ತಾಯ್ತಂದೆಗಳಿಗೂ ನಮ್ಮದೊಂದು ವಿಜ್ಞಾಪನೆ. “ಎಷ್ಟು ಅಂಕ ಬಂದವು?” ಎಂಬುದಕ್ಕೆ ಮೊದಲು “ಇಂದು ಯಾವ ತಪ್ಪನ್ನು ತಿದ್ದಿಕೊಂಡೆ, ಮಗು?” ಎಂದು ಕೇಳಿರಿ. ತಪ್ಪನ್ನು ಮುಚ್ಚಿಡುವ ಅಂಜಿಕೆಯು ಮನೆಯಲ್ಲಿಯೇ ಹುಟ್ಟುವುದು, ಮನೆಯಲ್ಲಿಯೇ ಅಳಿಯಬೇಕು. ಶಿಕ್ಷಕರು ಬಳಿಯಲ್ಲಿಲ್ಲದಾಗಲೂ ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುವ ಶಕ್ತಿಯು ಬಂದ ದಿನವೇ ಅವರ ಶ್ರಮವು ಸಾರ್ಥಕವಾಯಿತೆಂದು ನಾವು ತಿಳಿಯುವೆವು.