ಪಾಟಲಿಪುತ್ರದಿಂದ ಮಸ್ಕಿಗೆ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಎಂಬ ಊರಿದೆ. ಬಸ್ಸಿನಲ್ಲಿ ಕುಳಿತವರಿಗೆ ಅದು ದಾರಿಯ ಒಂದು ನಿಲ್ದಾಣ ಮಾತ್ರ. ಆದರೆ ಅಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಕ್ರಿ.ಪೂ. 3ನೆಯ ಶತಮಾನದ ಬರಹವಿದೆ. ಅದು ಮೌರ್ಯ ಚಕ್ರವರ್ತಿ ಅಶೋಕನ ಮಾತು. ಅವನ ರಾಜಧಾನಿ ಪಾಟಲಿಪುತ್ರ, ಅಂದರೆ ಇಂದಿನ ಪಾಟ್ನಾ.

ಈ ಎರಡು ಊರುಗಳ ನಡುವಿನ ಅಂತರವೆಷ್ಟು? ಹಕ್ಕಿ ಹಾರುವ ನೇರ ದಾರಿಯಲ್ಲಿ ಅಳೆದರೆ ಸುಮಾರು 1,400 ಕಿಲೋಮೀಟರು. ಗಂಟೆಗೆ 800 ಕಿಲೋಮೀಟರು ವೇಗದ ಜೆಟ್ ವಿಮಾನವು ಇಷ್ಟು ದೂರವನ್ನು ಒಂದು ಮುಕ್ಕಾಲು ಗಂಟೆಯಲ್ಲಿ ಕ್ರಮಿಸಬಲ್ಲದು. ಏರುವ, ಇಳಿಯುವ ಹೊತ್ತನ್ನು ಸೇರಿಸಿದರೆ ಎರಡು ಗಂಟೆಯೆನ್ನಬಹುದು. ನೆಲದ ದಾರಿ ಹೀಗೆ ನೇರವಲ್ಲ. ಅದು ಬೆಟ್ಟಗಳನ್ನು ಬಳಸಬೇಕು. ಗೋದಾವರಿ, ಕೃಷ್ಣೆಯರನ್ನು ದಾಟಬೇಕು. ದಿನಕ್ಕೆ 25 ಕಿಲೋಮೀಟರು ನಡೆಯುವವನಿಗೆ ನೇರ ದಾರಿಗೇ 56 ದಿನಗಳು ಬೇಕು. ಮಳೆಗಾಲದ ಪ್ರವಾಹ ಅಡ್ಡವಾದರೆ ಪ್ರಯಾಣ ಇನ್ನೂ ದೀರ್ಘವಾಗುತ್ತಿತ್ತು.

ಅರಸನ ಆಜ್ಞೆಗಳು ಅಧಿಕಾರಿಗಳ ಕೈಯಿಂದ ಕೈಗೆ ಸಾಗುತ್ತಿದ್ದವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವೇ ಇದಕ್ಕೆ ಸಾಕ್ಷಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿಸಿದರೆಂದು ಅದು ತಿಳಿಸುತ್ತದೆ. ದಾರಿಹೋಕರಿಗಾಗಿ ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದುದನ್ನು ಅಶೋಕನು ತನ್ನ ಸ್ತಂಭಶಾಸನವೊಂದರಲ್ಲಿ ಹೇಳಿಕೊಂಡಿದ್ದಾನೆ.

ಇಷ್ಟು ದೂರ ಸಾಗಿ ಬಂದ ಮಾತು ಯಾವುದು? ಅದು ತೆರಿಗೆಯ ಆಜ್ಞೆಯಲ್ಲ, ಯುದ್ಧದ ಕರೆಯೂ ಅಲ್ಲ. ಧರ್ಮದಲ್ಲಿ ನಿರತನಾದರೆ ಸಾಮಾನ್ಯನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಲ್ಲ ಎಂಬುದೇ ಅದರ ಸಾರ.

ನೆಲದ ದೂರವನ್ನು ಗೆದ್ದ ಈ ಮಾತು ಕಾಲದ ದೂರದಲ್ಲಿ ಮಾತ್ರ ತಡೆದು ನಿಂತಿತು. ಪ್ರಾಕೃತ ಭಾಷೆಯ ಈ ಬರಹದ ಬ್ರಾಹ್ಮೀ ಲಿಪಿಯನ್ನು ಜನರು ಮರೆತರು. ಬಂಡೆ ಅಲ್ಲಿಯೇ ಇತ್ತು, ಓದುವವರಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದನು. ಆಗ ತಿಳಿದ ಶಾಸನಗಳಲ್ಲಿ ಅರಸನು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದೇ ಕರೆದುಕೊಂಡಿದ್ದನು. ಇವನೇ ಅಶೋಕನೆಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ನಿರ್ಣಯಿಸಿದ್ದರು. 1915ರಲ್ಲಿ ನಿಜಾಮ್ ಸರ್ಕಾರದ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು! ವಿದ್ವಾಂಸರ ನಿರ್ಣಯಕ್ಕೆ ಕಲ್ಲೇ ಸಾಕ್ಷಿ ನುಡಿಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಈ ಹೆಸರು ದೊರೆಯಿತು.

ಇಂದು ಪಾಟ್ನಾದಲ್ಲಿ ಆಡಿದ ಮಾತನ್ನು ಮಸ್ಕಿಯಲ್ಲಿ ಕೂಡಲೇ ಕೇಳಬಹುದು. ವೇಗವು ಹಾದಿಯನ್ನು ಕಿರಿದುಗೊಳಿಸಿದೆ. ಆದರೆ ಓದುವ ಕಣ್ಣು ಇಲ್ಲದಿದ್ದರೆ ಹತ್ತಿರದ ಬಂಡೆಯೂ ದೂರವೇ. ಎರಡು ತಿಂಗಳಲ್ಲಿ ಬರಬಹುದಾಗಿದ್ದ ಮಾತು ಮತ್ತೆ ನಮ್ಮ ಕಿವಿಗೆ ಬೀಳಲು ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಆ ಕೊನೆಯ ದೂರವನ್ನು ದಾಟಿಸಿದುದು ಅಕ್ಷರಜ್ಞಾನವೇ.