ಅಪೀಲಿನ ವರ್ಷಗಳಲ್ಲಿ ಮನೆ ನಡೆಸುವುದು

ನಲವತ್ತು ವರ್ಷದ ಲಾರಿ ಡ್ರೈವರ್ ಒಬ್ಬ ಕೆಲಸದ ಮೇಲಿದ್ದಾಗ ಅಪಘಾತವಾಗಿ ದುಡಿಯುವ ಶಕ್ತಿಯನ್ನೆಲ್ಲ ಕಳೆದುಕೊಂಡರೆ 2018ರಲ್ಲಿ ಅವನಿಗೆ ಸಿಗಬಹುದಾಗಿದ್ದ ಗರಿಷ್ಠ ಪರಿಹಾರ 8,84,016 ರೂಪಾಯಿ. ಪಗಾರ ಎಷ್ಟೇ ಇರಲಿ, ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದುದು ತಿಂಗಳಿಗೆ 8,000 ಮಾತ್ರ. ಅದರ ಶೇ 60 ಅಂದರೆ 4,800. ಅದನ್ನು 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ನಲವತ್ತರ ವಯಸ್ಸಿನ ಎದುರಿಗಿರುವ 184.17ರಿಂದ ಗುಣಿಸಬೇಕು. 2020ರ ಜನವರಿಯಲ್ಲಿ ಪಗಾರದ ಮಿತಿ 15,000ಕ್ಕೆ ಏರಿತು. ಆ ಮಿತಿಯಲ್ಲಿ ಇದೇ ಲೆಕ್ಕ 16,57,530 ರೂಪಾಯಿಗೆ ಬರುತ್ತದೆ. ಅಂಥ ಡ್ರೈವರ್ ಆಗಿದ್ದ ನಮ್ಮಣ್ಣನ ಕಾಲು ಮುರಿದದ್ದು 2018ರಲ್ಲಿ. ನಮಗೆ ಹಳೆಯ ಲೆಕ್ಕವೇ ಗತಿ. ಮೊದಲ ಸುತ್ತಿನಲ್ಲಿ ಅದರಲ್ಲೂ ಒಂದು ರೂಪಾಯಿ ಕೈಗೆ ಬರಲಿಲ್ಲ.

ಕಲಬುರಗಿ ಬಳಿಯ ನಮ್ಮ ಕಮಲಾಪುರದ ಹತ್ತಿರ ರಾತ್ರಿ ಲಾರಿ ರಸ್ತೆ ಬಿಟ್ಟು ಮರಕ್ಕೆ ಹೊಡೆದಿತ್ತು. ಎದುರಿಗೆ ಬೇರೆ ಗಾಡಿ ಇರಲಿಲ್ಲ. ಇಂಥ ಕಡೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರೆ ‘ತಪ್ಪು ಯಾರದು’ ಎಂಬ ಪ್ರಶ್ನೆಯಲ್ಲೇ ಡ್ರೈವರ್ ಸೋಲುತ್ತಾನೆ. ನೌಕರರ ಪರಿಹಾರ ಕಾಯ್ದೆ ಆ ಪ್ರಶ್ನೆ ಕೇಳುವುದಿಲ್ಲ. ಕೆಲಸದ ಮೇಲಿದ್ದಾಗ, ಕೆಲಸದ ಕಾರಣಕ್ಕೆ ಗಾಯವಾಯಿತೇ ಎಂದಷ್ಟೇ ನೋಡುತ್ತದೆ. ಎರಡೂ ದಾರಿ ತೆರೆದಿರುವವರು ಒಂದನ್ನೇ ಆರಿಸಬೇಕು, ಎರಡೂ ಕಡೆ ಹಣ ಪಡೆಯಲು ಆಗುವುದಿಲ್ಲ. ನಾವು ಆರಿಸಿದ ದಾರಿ ಸರಿಯಾಗಿತ್ತು. ಆದರೆ ಮಾಲೀಕರು ವಿಚಾರಣೆಗೇ ಬರಲಿಲ್ಲ. ಪಗಾರ ಅವನಿಗೆ ನಗದಾಗಿ, ಭತ್ತೆ ಸೇರಿಸಿ, ಕೈಗೆ ಕೊಡುತ್ತಿದ್ದರು. ಒಂದು ಚೀಟಿಯೂ ಇಲ್ಲ. ‘ಇವನು ಆ ಮಾಲೀಕರ ನೌಕರ ಎನ್ನುವುದಕ್ಕೆ ಪುರಾವೆ ಏನು?’ ಎಂದು ವಿಮಾ ಕಂಪನಿಯ ವಕೀಲರು ಕೇಳಿದರು. ಅರ್ಜಿ ವಜಾ ಆಯಿತು.

ಆ ಸಂಜೆ ಅಣ್ಣ ಅಂದದ್ದು ಇಷ್ಟೇ: “ಕಾಲು ಹೋತು ಅಂದ್ರ ಸ್ಟೇರಿಂಗ್ ಹೋತು. ಸ್ಟೇರಿಂಗ್ ಹೋತು ಅಂದ್ರ ಮನಿ ಹ್ಯಾಂಗ ನಡೀಬೇಕು?” ಕೋರ್ಟು ಮುಂದೆ ಏನು ಹೇಳುತ್ತದೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದೇ ಆಗಿತ್ತು. ಈ ಅಂಕಣ ಬರೆಯಲು ಕೂತಾಗಲೂ ನನ್ನ ತಲೆಯಲ್ಲಿರುವುದು ಇದೇ.

ಈ ಕಾಯ್ದೆಯ ಅರ್ಜಿ ಕೇಳುವ ಕಮಿಷನರ್ ಆದೇಶದ ವಿರುದ್ಧ ಹೋಗಬೇಕಾದದ್ದು ನೇರ ಹೈಕೋರ್ಟಿಗೆ, 60 ದಿನದೊಳಗೆ. ನಮ್ಮ ಕಡೆಯವರಿಗೆ ಹಿಂದೆ ಹೈಕೋರ್ಟೆಂದರೆ ಬೆಂಗಳೂರು: ರಾತ್ರಿಯಿಡೀ ರೈಲು, ಲಾಡ್ಜು, ಊಟ, ಜತೆಗೊಬ್ಬರು. ಕುಂಟುವ ಕಾಲಿನವನನ್ನು ಕರೆದುಕೊಂಡು ಅಷ್ಟು ದೂರ ಹೋಗುವ ಖರ್ಚಿಗೇ ಹೆದರಿ ಎಷ್ಟು ಮನೆಗಳು ಕೈಚೆಲ್ಲಿದವೋ. 2008ರ ಜುಲೈಯಲ್ಲಿ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಕಲಬುರಗಿ ಪೀಠ ಕಾಯಂ ಆಯಿತು. ಅದರಿಂದಾಗಿ ನಮಗೆ ಹೈಕೋರ್ಟು ಎಂಬುದು ಬೀದರ್ ಕಡೆಯಿಂದ ಬರುವ ಬಸ್ಸು ಹತ್ತಿ, ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಕಮಲಾಪುರಕ್ಕೆ ಮರಳುವಷ್ಟು ಹತ್ತಿರದ್ದಾಯಿತು. ಈ ಪೀಠಕ್ಕಾಗಿ ಹೋರಾಡಿದವರ ಋಣ ಈ ಭಾಗದ ಪ್ರತಿಯೊಬ್ಬ ಕಕ್ಷಿದಾರನ ಮೇಲಿದೆ ಎಂದೇ ನಾನು ತಿಳಿದಿದ್ದೇನೆ.

ವಕೀಲರ ಫೀಸಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಉಚಿತ ವಕೀಲರನ್ನು ಪಡೆಯಬಹುದು. ಆದಾಯದ ಮಿತಿ ಅವರಿಗೆ ಅಡ್ಡ ಬರುವುದಿಲ್ಲ. ಅಣ್ಣನಿಗೆ ಸಿಕ್ಕಿದ್ದು ಹಾಗೆ ನೇಮಕವಾದ ವಕೀಲರೇ. ‘ಪುಕ್ಕಟೆ ವಕೀಲರು ಏನು ವಾದ ಮಾಡ್ತಾರ’ ಎಂದು ಊರಿನಲ್ಲಿ ಅಂದವರಿದ್ದರು. ಆ ವಕೀಲರು ಚೆನ್ನಾಗಿಯೇ ವಾದ ಮಾಡಿದರು. ಇನ್ನೊಂದು ಕಡೆ, ಬಂದದ್ದರಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಕೇಸು ನೋಡಿಕೊಳ್ಳುತ್ತೇವೆ ಎಂದು ಮನೆ ಬಾಗಿಲಿಗೆ ಬಂದ ದಲ್ಲಾಳಿಗಳಿದ್ದರು. ಗೆದ್ದ ಹಣದಲ್ಲಿ ಪಾಲು ಗೊತ್ತುಮಾಡಿಕೊಳ್ಳುವುದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮಗಳೇ ನಿಷೇಧಿಸಿವೆ. ಬಾಗಿಲಿಗೆ ಬಂದವರಿಗೆ ನೀರು ಕೊಟ್ಟು ಕಳಿಸಿ, ಸಹಿ ಕೊಡಬೇಡಿ.

ಇನ್ನು ಕಾಯುವ ಖರ್ಚು. ಪರಿಹಾರ ಒಂದು ತಿಂಗಳು ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಕೇಳಲು ಒಳ್ಳೆಯ ದರ. ಆದರೆ ನಮ್ಮಲ್ಲಿ ಕೈಗಡ ಸಿಗುವುದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ, ಅಂದರೆ ವರ್ಷಕ್ಕೆ ಶೇ 36. ಒಂದು ಲಕ್ಷ ಸಾಲ ಮಾಡಿ ಐದು ವರ್ಷ ಕಾದರೆ ಬಡ್ಡಿಯೇ 1,80,000. ಅದೇ ಐದು ವರ್ಷಕ್ಕೆ ಒಂದು ಲಕ್ಷ ಪರಿಹಾರದ ಮೇಲೆ ಕೋರ್ಟು ಕೊಡಿಸುವ ಬಡ್ಡಿ 60,000. ಕೇಸು ಗೆದ್ದ ಮನೆಗಳು ಬರಿಗೈಯಲ್ಲಿ ಉಳಿಯುವುದು ಈ ವ್ಯತ್ಯಾಸದಲ್ಲಿ. ಎದುರಿಗಿರುವ ಕಂಪನಿ ಎಷ್ಟು ವರ್ಷ ಬೇಕಾದರೂ ಕಾಯಬಲ್ಲದು. ಕಾಯುವ ಶಕ್ತಿ ನಮ್ಮ ಕಡೆಗೂ ಇರಬೇಕಾದರೆ ಮನೆಯ ಲೆಕ್ಕ ಬೇರೆ ರೀತಿ ಕೂಡಬೇಕು.

ಅಮ್ಮ ಕೆಂಪು ಬಾಳೆಯ ತುಂಡು ಹೊಲ ಮಾರಲು ತಯಾರಾಗಿದ್ದಳು. ನಾನು ಒಪ್ಪಲಿಲ್ಲ. ಕಮಲಾಪುರದ ಕೆಂಪು ಬಾಳೆ ಬೇರೆ ತಳಿಗಳಿಗಿಂತ ತಡವಾಗಿ ಗೊನೆ ಬಿಡುತ್ತದೆ, ಆರೈಕೆ ಬಹಳ ಕೇಳುತ್ತದೆ; ಅಣ್ಣನಿಂದ ಆಗದ ಕೆಲಸ. ಹೊಲವನ್ನು ಲಾವಣಿಗೆ ಹಾಕಿ, ವರ್ಷದ ಹಣವನ್ನು ಮಕ್ಕಳ ಶಾಲೆ ಫೀಸಿಗೆಂದು ಬೇರೆ ಖಾತೆಯಲ್ಲಿಟ್ಟೆವು. ಆಸ್ಪತ್ರೆಗೆ ತಂದಿದ್ದ ಕೈಗಡವನ್ನು ಮೊದಲು ತೀರಿಸಿದೆವು. ಅದಕ್ಕೆ ಅತ್ತಿಗೆಯ ಬಂಗಾರ ಬ್ಯಾಂಕಿನಲ್ಲಿ ಅಡವಿಟ್ಟೆವು; ಅಲ್ಲಿನ ಬಡ್ಡಿ ಕೈಗಡದ ಮೂರನೇ ಒಂದು ಭಾಗವೂ ಇರಲಿಲ್ಲ. ಅತ್ತಿಗೆ ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ತಂದಳು. ಅಣ್ಣ ಕಲಬುರಗಿಯ ಗೋದಾಮೊಂದರಲ್ಲಿ ಕೂತು ಮಾಡುವ ಕೆಲಸಕ್ಕೆ ಸೇರಿದ. ‘ದುಡಿದರೆ ಪರಿಹಾರ ಕಡಿಮೆಯಾಗುತ್ತದೆ’ ಎಂದು ಕೆಲವರು ಹೆದರಿಸಿದ್ದರು. ಡ್ರೈವರ್ ಆಗಿ ಗಳಿಸುತ್ತಿದ್ದುದರ ಅರ್ಧವೂ ಅಲ್ಲಿ ಬರುತ್ತಿರಲಿಲ್ಲ. ಮುಂದೆ ವಿಚಾರಣೆಯಲ್ಲಿ ಅವನ ಗಳಿಕೆ ಎಷ್ಟು ಕುಸಿದಿದೆ ಎಂದು ತೋರಿಸಿದ್ದು ಆ ಗೋದಾಮಿನ ಪಗಾರ ಚೀಟಿಯೇ.

ಇಂಥ ಅಪೀಲಿನಲ್ಲಿ ಹೈಕೋರ್ಟು ಎಲ್ಲವನ್ನೂ ಮೊದಲಿನಿಂದ ನೋಡುವುದಿಲ್ಲ. ಕಾನೂನಿನ ಗಂಭೀರ ಪ್ರಶ್ನೆ ಇದ್ದರೆ ಮಾತ್ರ ಅಪೀಲು ನಿಲ್ಲುತ್ತದೆ. ವಾಸ್ತವಾಂಶಗಳ ಮಟ್ಟಿಗೆ ಕಮಿಷನರ್ ಮಾತೇ ಕೊನೆಯದು ಎಂದು 2016ರಲ್ಲಿ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ವಕೀಲರು ಹಿಡಿದ ದಾರಿ ಇದು: ಎಫ್‌ಐಆರ್‌ನಲ್ಲಿ, ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ಈತನೇ ಚಾಲಕ ಎಂದಿದೆ, ಕಡತದಲ್ಲೇ ಇರುವ ಪುರಾವೆಯನ್ನು ನೋಡದೆ ಕೊಟ್ಟ ಆದೇಶ ಕಾನೂನಿನಲ್ಲಿ ನಿಲ್ಲುವುದಿಲ್ಲ. ಪೀಠ ಒಪ್ಪಿ, ಪ್ರಕರಣವನ್ನು ಮತ್ತೆ ಕೆಳಗೆ ಕಳಿಸಿತು. ಗೆದ್ದೆವು ಎಂದುಕೊಂಡ ದಿನ ಸಿಕ್ಕಿದ್ದು ಇನ್ನೊಂದು ತಾರೀಖು.

ಎರಡನೇ ಸುತ್ತಿನ ಜಗಳವೆಲ್ಲ ಪರ್ಸೆಂಟೇಜಿನದು. ವೈದ್ಯರು ಕಾಲಿಗೆ ಶೇ 45 ನ್ಯೂನತೆ ಎಂದು ಬರೆದಿದ್ದರು. ಕೈಕಾಲಿನ ನ್ಯೂನತೆಯ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುವ ರೂಢಿ ನಮ್ಮ ಕೋರ್ಟುಗಳಲ್ಲಿದೆ. ಹಾಗೆ ಮಾಡಿದರೆ ಶೇ 15, ಅಂದರೆ 1,32,602 ರೂಪಾಯಿ. ಆದರೆ ಕಾಯ್ದೆ ಕೇಳುವುದು ದುಡಿಮೆ ಎಷ್ಟು ಹೋಯಿತು ಎಂದು. ಒಡಿಶಾದ ಜೈಪುರ್ ಎಂಬ ಊರಿನಲ್ಲಿ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡ ಶ್ರೀನಿವಾಸ ಸಬತ ಎಂಬ ಬಡಗಿಯ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ತಿ ನೂರು ಎಂದು ಸುಪ್ರೀಂ ಕೋರ್ಟು 1975ರಲ್ಲಿ ತೀರ್ಮಾನಿಸಿತು. 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ವೈದ್ಯಕೀಯ ನ್ಯೂನತೆ ಬೇರೆ, ಗಳಿಕೆಯ ನಷ್ಟ ಬೇರೆ ಎಂದು ಇನ್ನಷ್ಟು ಬಿಡಿಸಿ ಹೇಳಿತು. ಮೊಣಕಾಲು ಮಡಚದವನು ಭಾರಿ ವಾಹನದ ಕ್ಲಚ್ ಒತ್ತುವುದು ಹೇಗೆ ಎಂದು ನಮ್ಮ ವಕೀಲರು ಕೇಳಿದರು. ಶೇ 60 ನಿಗದಿಯಾಯಿತು: 5,30,410 ರೂಪಾಯಿ, ಐದು ವರ್ಷ ದಾಟಿದ ಬಡ್ಡಿ ಸೇರಿ ಸುಮಾರು ಎಂಟೂವರೆ ಲಕ್ಷ. ಅರ್ಧ ಠೇವಣಿಯಲ್ಲಿದೆ, ಅದರ ಬಡ್ಡಿ ತಿಂಗಳ ಮನೆ ಖರ್ಚಿಗೆ. ಬಂಗಾರ ಬಿಡಿಸಿಕೊಂಡೆವು. ಹೊಲ ಹೊಲವಾಗಿಯೇ ಉಳಿದಿದೆ.

2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ; ಮುಂದಿನ ಅಪಘಾತಗಳ ಅರ್ಜಿಗಳು ಅದರಡಿ ಹೋಗುತ್ತವೆ. ಹಳೆಯ ಕಾಯ್ದೆಯಲ್ಲಿ ಅರ್ಜಿಗಿದ್ದ ಎರಡು ವರ್ಷದ ಗಡುವು ಅದರಲ್ಲೂ ಇದೆ. ಅರ್ಜಿ ವಜಾ ಆದವರು ಅದೇ ದಿನ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ನಕಲು ಕೈಗೆ ಬರಲು ಹಿಡಿಯುವ ದಿನಗಳು ಅಪೀಲಿನ ಗಡುವಿನಲ್ಲಿ ಸೇರುವುದಿಲ್ಲ. ನಕಲು ಬರುವ ಮುಂಚೆಯೇ ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಫೋನಿಗೆ ದುಡ್ಡು ಬೀಳುವುದಿಲ್ಲ.