ಗುಂಡೇಟು ತಿಂದ ಸ್ಪಿಟ್‌ಫೈರ್ ಇಳಿಸುವವರಿಗೆ ಸೂಚನೆ

(ಕಾಲ: 1944. ಇಂಗ್ಲಿಷ್ ಕಡಲ್ಗಾಲುವೆ ದಾಟಿ ಹಿಂತಿರುಗುವ ಪೈಲಟ್‌ಗಳಿಗೆ)

ಮಾಡಬೇಕಾದ್ದು

ಇಳಿಸುವುದೋ, ಪ್ಯಾರಾಚೂಟ್ ನಂಬಿ ಹಾರುವುದೋ ಮೇಲಿರುವಾಗಲೇ ತೀರ್ಮಾನಿಸಿ. ಐದಾರು ಸಾವಿರ ಅಡಿ ಎತ್ತರ ಕೈಯಲ್ಲಿರುವಾಗ ವೇಗ ತಗ್ಗಿಸಿ ನೋಡಿ. ಯಾವ ವೇಗದಲ್ಲಿ ರೆಕ್ಕೆ ಒಂದು ಕಡೆ ವಾಲತೊಡಗುತ್ತದೋ ಅದನ್ನು ಗುರುತಿಟ್ಟುಕೊಂಡು, ರನ್‌ವೇ ಮುಟ್ಟುವವರೆಗೂ ವೇಗದ ಮುಳ್ಳು ಅದಕ್ಕಿಂತ ಸಾಕಷ್ಟು ಮೇಲಿರುವಂತೆ ನೋಡಿಕೊಳ್ಳಿ. ಕೈಪಿಡಿಯ ಅಂಕಿ ನೆಚ್ಚಬೇಡಿ, ಅದನ್ನು ಬರೆದದ್ದು ತೂತು ಬೀಳದ ವಿಮಾನಕ್ಕೆ.

ಗಾಳಿಯ ಒತ್ತಡ ಎಷ್ಟಿದೆ ನೋಡಿ. ಸ್ಪಿಟ್‌ಫೈರ್‌ನ ಫ್ಲಾಪ್, ಬ್ರೇಕ್ ಎರಡೂ ನಡೆಯುವುದು ಒತ್ತಿಟ್ಟ ಗಾಳಿಯಿಂದ. ಒತ್ತಡ ಇಳಿದಿದ್ದರೆ ಎರಡೂ ಹೋದ ಹಾಗೆಯೇ: ಬರುವುದೂ ಜೋರು, ನಿಲ್ಲಿಸಲೂ ಆಗದು. ಅಂಥವರು ತಮ್ಮ ನೆಲೆ ಎಷ್ಟೇ ಹತ್ತಿರವಿದ್ದರೂ ಅದನ್ನು ಬಿಟ್ಟು ತುರ್ತು ಇಳಿದಾಣಗಳಾದ ಮ್ಯಾನ್‌ಸ್ಟನ್‌ಗೋ ವುಡ್‌ಬ್ರಿಜ್‌ಗೋ ಹೋಗತಕ್ಕದ್ದು. ವುಡ್‌ಬ್ರಿಜ್ ರನ್‌ವೇ 3000 ಗಜ ಉದ್ದ, 250 ಗಜ ಅಗಲ. ಅದರ ದಕ್ಷಿಣ ಬದಿಯ ಹಸಿರು ದೀಪದ ಪಟ್ಟಿಯಲ್ಲಿ ಇಳಿಯಲು ಯಾರ ಅನುಮತಿಯೂ ಬೇಡ. ರೇಡಿಯೊ ಸತ್ತಿದ್ದರೂ ನೇರ ಬನ್ನಿ.

ಚಕ್ರ ಇಳಿಯದಿದ್ದರೆ ಮೊದಲು ಚಕ್ರದ ಲಿವರನ್ನು ಕೆಳಗಿನ ಸ್ಥಾನಕ್ಕೆ ತನ್ನಿ, ಆಮೇಲೆ ಕೆಂಪು ಲಿವರ್ ಒತ್ತಿ. ಅದು ತೆರೆಯುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೆಲಸ ಮಾಡುವುದು ಒಂದೇ ಸಲ, ಹಾಗೆ ಇಳಿದ ಚಕ್ರ ಮತ್ತೆ ಒಳಗೆ ಹೋಗದು. ಹೊಲದಲ್ಲಿ ಇಳಿಯುವವರು ಆ ಕೆಂಪು ಲಿವರ್ ಮುಟ್ಟಲೇಬಾರದು. ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತರೆ ವಿಮಾನ ಮೂತಿಯ ಮೇಲೆ ಮಗುಚುತ್ತದೆ. ಹೊಟ್ಟೆಯ ಮೇಲೆ ಜಾರಿಸಿ.

ಕಾಕ್‌ಪಿಟ್ ಮುಚ್ಚಳವನ್ನು ಹಿಂದಕ್ಕೆ ತಳ್ಳಿ, ಪಕ್ಕದ ಬಾಗಿಲನ್ನು ಅರ್ಧ ಚಿಲಕದಲ್ಲಿ ನಿಲ್ಲಿಸಿ. ಹೀಗೆ ಮಾಡಿದರೆ ಪೆಟ್ಟು ಬಿದ್ದಾಗ ಮುಚ್ಚಳ ಮುಂದಕ್ಕೆ ಜಾರಿ ಮುಚ್ಚಿಕೊಳ್ಳದು. 1943ರ ಜೂನ್ 26ರಂದು ಅಮೆರಿಕದ ರಾಬರ್ಟ್ ಜಾನ್ಸನ್‌ನ ಥಂಡರ್‌ಬೋಲ್ಟ್ ವಿಮಾನದ ಮುಚ್ಚಳ ಏಟಿಗೆ ಸಿಕ್ಕಿಕೊಂಡಿತು. ಹಾರಬೇಕೆಂದರೂ ಹಾರಲಾಗಲಿಲ್ಲ. ಜರ್ಮನ್ ಫೋಕೆ-ವುಲ್ಫ್‌ನವನು ಬೆನ್ನು ಹತ್ತಿ, ಗುಂಡು ಮುಗಿಯುವವರೆಗೆ ಹೊಡೆದು, ಕೊನೆಗೆ ರೆಕ್ಕೆ ಅಲ್ಲಾಡಿಸಿ ಹೊರಟುಹೋದ. ಬ್ರೇಕಿಲ್ಲದೆ ಜಾನ್ಸನ್ ಇಳಿದದ್ದು ಇದೇ ಮ್ಯಾನ್‌ಸ್ಟನ್‌ನಲ್ಲಿ. ಅವನ ಅದೃಷ್ಟ ನಿಮಗೂ ಇದೆಯೆಂದು ಲೆಕ್ಕ ಹಾಕಬೇಡಿ.

ಮಾಡಬಾರದ್ದು

ಶತ್ರುವನ್ನು ಕೆಡವಿದ ಖುಷಿಗೆ ನೆಲೆಯ ಮೇಲೆ ಪಲ್ಟಿ ಹೊಡೆಯಕೂಡದು. ಕಂಟ್ರೋಲ್ ಕೇಬಲ್ ಒಂದೆರಡು ಎಳೆಯಲ್ಲಿ ನಿಂತಿದ್ದರೆ ಅದು ನಿಮಗೆ ತಿಳಿಯುವುದು ತಲೆಕೆಳಗಾದಾಗ. ಸುಮ್ಮನೆ ಇಳಿಯಿರಿ, ಕೆಡವಿದ ಲೆಕ್ಕ ಗುಪ್ತಚರ ಅಧಿಕಾರಿ ಬರೆದುಕೊಳ್ಳುತ್ತಾರೆ.

ಸಮುದ್ರದ ಮೇಲೆ ಇಳಿಸಲು ಹೋಗಬೇಡಿ. ರೆಕ್ಕೆಯಡಿಯ ರೇಡಿಯೇಟರ್‌ಗಳು ನೀರಿಗೆ ಸಿಕ್ಕಿ ಮೂತಿಯನ್ನು ಒಳಗೆಳೆಯುತ್ತವೆ, ಸ್ಪಿಟ್‌ಫೈರ್ ತೇಲುವುದಿಲ್ಲ. ಎತ್ತರವಿರುವಾಗಲೇ ಹಾರಿಕೊಳ್ಳಿ.

ಚಕ್ರವಿಲ್ಲದೆ ಇಳಿಯುವಾಗ ಪೆಟ್ರೋಲ್ ನಿಲ್ಲಿಸಿ ಸ್ವಿಚ್ ಆರಿಸುವುದನ್ನು ಮರೆಯಬೇಡಿ.

ನಿಂತ ಮೇಲೆ ತೂತು ಎಣಿಸುತ್ತ ನಿಲ್ಲಬೇಡಿ. ಜಾನ್ಸನ್ ಎಣಿಸಿದ, ಇನ್ನೂರು ದಾಟಿದ ಮೇಲೆ ಕೈಬಿಟ್ಟ. ನೀವು ಮೊದಲು ವಿಮಾನ ಬಿಟ್ಟು ದೂರ ಓಡಿ, ಗಾಳಿ ಬೀಸಿ ಬರುವ ದಿಕ್ಕಿಗೆ.